ಬಂದರಿಗೆ ಬಂದ ಮೇಲೆ

'ಸಂಕಟ ಬಂದಾಗ ವೆಂಕಟರಮಣ' ಎಂಬ ಗಾದೆಯನ್ನು ಕಟ್ಟಿದವನು ಎಂದಾದರೊಮ್ಮೆ ಹಡಗು ಹತ್ತಿದವನೇ ಇರಬೇಕು. ಮಂಗಳೂರಿನ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದ ನಾವು ಸಂಕಟದಲ್ಲಿ ಕರೆಯುವ ಹೆಸರು ಬೇರೆ. ಗಾದೆ ಮಾತ್ರ ನಮಗೂ ಸಲ್ಲುತ್ತದೆ. ಹದಿನೈದು ವರ್ಷ ನೌಕಾಪಡೆಯಲ್ಲಿ ದುಡಿದ ನಾನು ಈ ಮಾತನ್ನು ಅನುಭವದಿಂದಲೇ ಹೇಳಬಲ್ಲೆ.

1974ರ ಜೂನ್ ತಿಂಗಳು. ಮಳೆಗಾಲದ ಅರಬ್ಬೀ ಸಮುದ್ರ ದಡದಲ್ಲಿ ನಿಂತು ನೋಡುವವರಿಗೆ ಬಲು ಸೊಗಸು. ಅದರ ಮೇಲಿರುವವನಿಗೆ ಹಾಗಲ್ಲ. ನಡುರಾತ್ರಿಯಿಂದ ನಾಲ್ಕು ಗಂಟೆಯವರೆಗಿನ ಪಾಳಿ ನನ್ನದು. ಹಡಗು ಒಂದು ಅಲೆಯ ನೆತ್ತಿಗೇರಿ ಮುಂದಿನದರ ಬುಡಕ್ಕೆ ಬೀಳುವಾಗ ಅದರ ಉಕ್ಕಿನ ಮೈಯೆಲ್ಲ ನರಳುತ್ತಿತ್ತು. ಕಂಬಿ ಹಿಡಿದು ನಿಂತಿದ್ದ ನನಗೆ ಅಣ್ಣನ ನೆನಪಾಯಿತು. ಅಮ್ಮ ತೀರಿಹೋದ ಮೇಲೆ ಹಂಚಿನ ಮನೆಯ ಪಾಲಿನ ವಿಚಾರದಲ್ಲಿ ಮಾತಿಗೆ ಮಾತು ಬೆಳೆದು, ಎರಡು ವರ್ಷಗಳಿಂದ ನಮ್ಮಿಬ್ಬರ ನಡುವೆ ಕಾಗದದ ವ್ಯವಹಾರವೂ ಇರಲಿಲ್ಲ. 'ಕರ್ತನೇ, ಈ ರಾತ್ರಿಯನ್ನು ದಾಟಿಸು. ದಡ ಮುಟ್ಟಿದ ದಿನವೇ ಅಣ್ಣನಿಗೆ ಬರೆಯುತ್ತೇನೆ' ಎಂದು ಮಾತು ಕೊಟ್ಟೆ. ರಾತ್ರಿ ದಾಟಿತು. ಮೂರನೆಯ ದಿನ ಮುಂಬಯಿ ಸೇರಿದೆವು. ಸ್ನಾನ ಮಾಡಿ, ಬಿಸಿ ಅನ್ನ ಉಂಡು, ಒಂದು ಸಿನಿಮಾ ನೋಡಿ ಬಂದೆ. ಕಾಗದ ಮಾತ್ರ ಬರೆಯಲಿಲ್ಲ. ಗಟ್ಟಿ ನೆಲದ ಮೇಲೆ ಕಾಲಿಟ್ಟೊಡನೆ, ತಪ್ಪು ಅಣ್ಣನದೇ ಎಂಬುದು ಮತ್ತೆ ಸ್ಪಷ್ಟವಾಗಿ ಕಾಣತೊಡಗಿತ್ತು!

ಕೆಲವು ತಿಂಗಳ ಮೇಲೆ ಜಾನ್ ನ್ಯೂಟನ್ನನ ಚರಿತ್ರೆ ನನ್ನ ಕೈಗೆ ಬಂತು. 'ಅಮೇಜಿಂಗ್ ಗ್ರೇಸ್' ಎಂಬ ಪ್ರಸಿದ್ಧ ಕೀರ್ತನೆಯನ್ನು ಬರೆದವನು ಅವನೇ. ಹರೆಯದಲ್ಲಿ ಬ್ರಿಟಿಷ್ ನೌಕಾಪಡೆ ಅವನನ್ನು ಬಲವಂತವಾಗಿ ಹಿಡಿದೊಯ್ದಿತು. ತಪ್ಪಿಸಿಕೊಂಡು ಓಡಿ, ಸಿಕ್ಕಿಬಿದ್ದು, ಚಾವಟಿಯ ಏಟು ತಿಂದ. 1748ರ ಮಾರ್ಚಿಯಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿ ಅವನಿದ್ದ ಹಡಗನ್ನು ಸೀಳಿತು. ನೀರು ಹೊರಹಾಕುವ ಪಂಪನ್ನು ಒತ್ತಿ ಒತ್ತಿ ಸೋತು, ಗಂಟೆಗಟ್ಟಲೆ ಚುಕ್ಕಾಣಿ ಹಿಡಿದು ನಿಂತವನ ಬಾಯಲ್ಲಿ, ದೇವರನ್ನು ಹಳಿಯುವುದಕ್ಕೆ ಹೆಸರಾಗಿದ್ದ ಅದೇ ಬಾಯಲ್ಲಿ, ಪ್ರಾರ್ಥನೆ ಹೊರಟಿತು. ಹಡಗು ಹೇಗೋ ಐರ್ಲೆಂಡಿನ ತೀರ ಮುಟ್ಟಿತು.

ಕಥೆ ಅಲ್ಲಿಗೇ ನಿಂತಿದ್ದರೆ ಭಾನುವಾರ ಶಾಲೆಯ ಮಕ್ಕಳಿಗೆ ಹೇಳಲು ಚೆನ್ನಾಗಿತ್ತು. ಆದರೆ ನ್ಯೂಟನ್ ಅದಾದ ಮೇಲೂ ಗುಲಾಮರನ್ನು ಸಾಗಿಸುವ ಹಡಗುಗಳಲ್ಲೇ ದುಡಿದ; ಅಂಥ ಹಡಗಿನ ಕಪ್ತಾನನೂ ಆದ. ಮೇಲುಗಡೆ ನಾವಿಕರಿಗೆ ಭಾನುವಾರದ ಆರಾಧನೆ. ಕೆಳಗೆ ಒಡಲಿನಲ್ಲಿ ಸಂಕೋಲೆ ತೊಡಿಸಿದ ಆಫ್ರಿಕದ ಜನ. 1754ರಲ್ಲಿ ಅವನು ಸಮುದ್ರವನ್ನು ಬಿಟ್ಟದ್ದೂ ಕಾಯಿಲೆಯ ದೆಸೆಯಿಂದ. 1764ರಲ್ಲಿ ಪಾದ್ರಿಯಾದ. ಆ ವ್ಯಾಪಾರದ ಕ್ರೌರ್ಯವನ್ನು ಬಯಲಿಗಿಟ್ಟು, ಅದರಲ್ಲಿ ತನ್ನ ಪಾಲನ್ನು ಒಪ್ಪಿಕೊಂಡು ಪುಸ್ತಿಕೆ ಪ್ರಕಟಿಸಿದ್ದು 1788ರಲ್ಲಿ. ಬಿರುಗಾಳಿಗೂ ಅದಕ್ಕೂ ನಡುವೆ ನಲವತ್ತು ವರ್ಷ! 1807ರಲ್ಲಿ ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸಿತು. ಆ ವರ್ಷದ ಕೊನೆಗೆ ಅವನು ತೀರಿಕೊಂಡ.

ಓದಿ ಮುಗಿಸಿದಾಗ ಮೊದಲು ಬಂದದ್ದು ಸಿಟ್ಟು, ಆಮೇಲೆ ನಾಚಿಕೆ. ಅವನ ಅಪರಾಧಕ್ಕೂ ನನ್ನದಕ್ಕೂ ಹೋಲಿಕೆಯಿಲ್ಲ, ನಿಜ. ಆದರೆ ಬಂದರಿಗೆ ಬಂದ ಮೇಲಿನ ಮರೆವು ಇಬ್ಬರದೂ ಒಂದೇ ಜಾತಿಯದು.

ಅಂದು ರಾತ್ರಿ ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯವನ್ನು ತೆಗೆದೆ. ಸೆರೆಯಾಳಾಗಿ ಪೌಲನು ರೋಮಿಗೆ ಹೊರಟ ಹಡಗು ಎರಡು ವಾರ ಬಿರುಗಾಳಿಯಲ್ಲಿ ಅಲೆಯುತ್ತದೆ. ನಾವಿಕರು ನೀರಿನ ಆಳ ನೋಡುತ್ತಾರೆ: ಇಪ್ಪತ್ತು ಮಾರು, ಸ್ವಲ್ಪ ಹೊತ್ತಿಗೆ ಹದಿನೈದು. ಬಂಡೆಗೆ ಬಡಿದೀತೆಂದು ಹಿಂಬದಿಯಿಂದ ನಾಲ್ಕು ಲಂಗರು ಇಳಿಬಿಟ್ಟು ಬೆಳಗಿಗಾಗಿ ಕಾಯುತ್ತಾರೆ. ಮುಂದುಗಡೆಯೂ ಲಂಗರು ಹಾಕುವ ನೆವದಿಂದ ಚಿಕ್ಕ ದೋಣಿಯನ್ನಿಳಿಸಿ, ತಾವಷ್ಟೇ ಪಾರಾಗಲು ಹವಣಿಸುತ್ತಾರೆ. ಇವರು ಹೋದರೆ ಉಳಿದವರಿಗೆ ಉಳಿವಿಲ್ಲವೆಂದು ಪೌಲನು ಎಚ್ಚರಿಸುತ್ತಾನೆ. ಸಿಪಾಯಿಗಳು ದೋಣಿಯ ಹಗ್ಗವನ್ನು ಕತ್ತರಿಸುತ್ತಾರೆ. ಕೊನೆಗೆ ಹಡಗು ಒಡೆದರೂ ಅದರಲ್ಲಿದ್ದ 276 ಮಂದಿಯೂ ಮಾಲ್ಟಾ ದ್ವೀಪದ ದಡ ಸೇರುತ್ತಾರೆ.

ಹಡಗಿನಲ್ಲಿ ದುಡಿದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಒಬ್ಬನೇ ಬದುಕಿಕೊಳ್ಳುವ ಉಪಾಯವಿಲ್ಲ. ನಾನಾದರೋ ನನ್ನ ಜೀವವನ್ನಷ್ಟೇ ಬೇಡಿ, ಅಣ್ಣನನ್ನು ಹಡಗಿನಲ್ಲೇ ಬಿಟ್ಟು, ಚಿಕ್ಕ ದೋಣಿಯಲ್ಲಿ ಇಳಿದುಬಂದಿದ್ದೆ.

ಲಂಗರಿನ ವಿಷಯವನ್ನೂ ಹೇಳಬೇಕು. ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ ನಿರೀಕ್ಷೆಯನ್ನು ಲಂಗರಿಗೆ ಹೋಲಿಸಿದೆ. ಹಡಗನ್ನು ಹಿಡಿದು ನಿಲ್ಲಿಸುವುದು ಲಂಗರಿನ ಭಾರವೊಂದೇ ಎಂದು ದಡದವರು ತಿಳಿಯುವುದುಂಟು. ಹಾಗಲ್ಲ. ಲಂಗರು ಬಿಟ್ಟ ಮೇಲೆ ನೀರಿನ ಆಳಕ್ಕಿಂತ ಎಷ್ಟೋ ಪಾಲು ಉದ್ದದ ಸರಪಳಿಯನ್ನೂ ಬಿಡಬೇಕು. ಆ ಸರಪಳಿ ತಳದಲ್ಲಿ ಮಲಗಿದ್ದರೆ ಎಳೆತ ಅಡ್ಡಲಾಗಿ ಬಂದು ಲಂಗರು ನೆಲ ಕಚ್ಚುತ್ತದೆ. ಸರಪಳಿ ಗಿಡ್ಡವಾದರೆ ದೊಡ್ಡ ಲಂಗರೂ ಕಿತ್ತುಬರುತ್ತದೆ. ಬಿರುಗಾಳಿಯ ರಾತ್ರಿ ನಾನು ಲಂಗರನ್ನು ಎಸೆದದ್ದು ಸುಳ್ಳಲ್ಲ; ಆಮೇಲಿನ ದಿನಗಳಲ್ಲಿ ಒಂದು ಗೇಣು ಸರಪಳಿಯನ್ನೂ ಬಿಟ್ಟಿರಲಿಲ್ಲ.

1975ರ ಮೇ ತಿಂಗಳಲ್ಲಿ ಅಣ್ಣನಿಗೆ ಕಾಗದ ಬರೆದೆ. ಪಾಲಿನ ಮಾತೆತ್ತಲಿಲ್ಲ, ತಪ್ಪು ಯಾರದೆಂಬ ಮಾತನ್ನೂ ಎತ್ತಲಿಲ್ಲ. ವಾರದೊಳಗೆ ಒಂದು ಕಾರ್ಡು ಬಂತು: 'ಮಾಡಿಗೆ ಹೊಸ ಹಂಚು ಹೊದಿಸಿದ್ದೇನೆ. ನಿನ್ನ ಕೋಣೆ ಹಾಗೇ ಇದೆ. ರಜೆ ಸಿಕ್ಕಿದಾಗ ಬಾ.'

ರಜೆಯಲ್ಲಿ ಹೋದೆ. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು, ಬಿರುಗಾಳಿಯ ಕಥೆಯನ್ನೂ ಕೊಟ್ಟ ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ. ಅಣ್ಣ ಬೆರಳು ಮಡಿಸಿ ತಿಂಗಳು ಎಣಿಸಿದ.

"ಮುಂಬಯಿಯಿಂದ ಇಲ್ಲಿಗೆ ಹನ್ನೊಂದು ತಿಂಗಳೇ? ನಿನ್ನ ಹಡಗು ಭಾರಿ ನಿಧಾನ, ಮಾರಾಯ!" ಎಂದ.