ಬಾಗಿಲ ಹೊರಗಿನ ಚಪ್ಪಲಿಗಳು

ನಾನಿರುವ ಬಡಾವಣೆಯ ಹೆಸರು ಸ್ಯಾಟಲೈಟ್. ಹುಬ್ಬಳ್ಳಿಯ ನಮ್ಮ ಕಾಕಾಗೆ ಈ ಹೆಸರು ಕೇಳಿದ ದಿನದಿಂದ ನಾನು ನೆಲದ ಮೇಲೆ ಇದ್ದೇನೆಂಬ ನಂಬಿಕೆಯೇ ಹೋಗಿದೆ. ಫೋನು ಹಚ್ಚಿದರೆ ಸಾಕು, "ಏನಪಾ, ಮ್ಯಾಲೆ ಹವಾ ಹ್ಯಾಂಗೈತಿ?" ಅಂತಲೇ ಶುರು. ಅಹಮದಾಬಾದಿನ ಪಶ್ಚಿಮಕ್ಕೆ ಜೋಧಪುರ ಟೇಕ್ರಾ ಅಂತ ಒಂದು ದಿಬ್ಬ ಇತ್ತು, 1967ರಲ್ಲಿ ಅಲ್ಲಿ ಉಪಗ್ರಹ ಸಂಪರ್ಕದ ಭೂಕೇಂದ್ರ ಕಟ್ಟಿದರು, ಆಮೇಲೆ ಇಸ್ರೋದ ಬಾಹ್ಯಾಕಾಶ ಅನ್ವಯಿಕ ಕೇಂದ್ರ ಬಂತು, ಸುತ್ತಲಿನ ಹೊಲಗಳೆಲ್ಲ ಸೈಟುಗಳಾದವು, ಹೆಸರು ಮಾತ್ರ ಆಕಾಶದ್ದೇ ಉಳಿಯಿತು ಎಂದು ಎಷ್ಟು ಹೇಳಿದರೂ ಅವರು ಕೇಳುವುದಿಲ್ಲ. ಹಾಗೆ ನೋಡಿದರೆ ನಮ್ಮ ಕಡೆಯವರಿಗೂ ಈ ದಿಬ್ಬದ ಋಣವಿದೆ. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ 2400 ಹಳ್ಳಿಗಳಿಗೆ ಟೀವಿ ತೋರಿಸಿದರಲ್ಲ, ಆಗ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಚಿತ್ರ ಮೇಲಕ್ಕೆ ಹೋಗುತ್ತಿದ್ದುದು ಇಲ್ಲಿಂದ. ಊರಿಗೊಂದೇ ಟೀವಿ, ಅದರ ಮುಂದೆ ಇಡೀ ಊರು. ಮನೆಗೆ ಮೂರು ಟೀವಿ ಇರುವ ಇವತ್ತು ಆ ಊರು ಎಲ್ಲಿ ಹೋಯಿತೋ ಗೊತ್ತಿಲ್ಲ.

ಒಂದು ಸಣ್ಣ ಊರು ಮಾತ್ರ ಪ್ರತಿ ಶನಿವಾರ ಸಂಜೆ ಏಳಕ್ಕೆ ನಮ್ಮ ಮೂರನೇ ಮಹಡಿಯ ಮನೆಗೆ ಬರುತ್ತದೆ. ಅದರ ಸುದ್ದಿ ಹೇಳಬೇಕೆಂದೇ ಕೂತೆ.

ನಾವು ಬಾಸೆಲ್ ಮಿಶನ್ನಿನ ಕುಳ. ಅಂದರೆ ಅಜ್ಜನ ಕಾಲಕ್ಕೆ ಬಾಸೆಲ್ ಮಿಶನ್, ಅಪ್ಪನ ಕಾಲಕ್ಕೆ ಸಿ.ಎಸ್.ಐ. ಇಲ್ಲಿ ಭಾನುವಾರ ದೊಡ್ಡ ದೇವಾಲಯಕ್ಕೆ ಹೋಗುತ್ತೇವೆ. ಅಲ್ಲಿ ಆರಾಧನೆ ಗುಜರಾತಿಯಲ್ಲಿ, ನಾವು ಕೂರುವುದು ಹಿಂದಿನ ಬೆಂಚಿನಲ್ಲಿ, ಮುಗಿದ ಮೇಲೆ ಕೈ ಮುಗಿದು ಸ್ಕೂಟರ್ ಹತ್ತುವುದು. ಶನಿವಾರದ ಕೂಟ ಹಾಗಲ್ಲ. ಅದು ಐದಾರು ಮನೆಗಳ ಸಭೆ. ಎಷ್ಟು ಜನ ಸೇರಿದರೆ ಸಭೆ ಅನ್ನಿಸಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ನಮ್ಮ ಹೌಸಿಂಗ್ ಸೊಸೈಟಿಯ ನಿಯಮ ಪುಸ್ತಕ ಒಂದು ಕೋರಂ ಹೇಳುತ್ತದೆ, ಮತ್ತಾಯನ ಸುವಾರ್ತೆ ಇನ್ನೊಂದು ಹೇಳುತ್ತದೆ. ಮತ್ತಾಯನ ಕೋರಂ ಎರಡು ಮೂರು ಜನ. ಸೊಸೈಟಿಯ ಮೀಟಿಂಗು ಕೋರಂ ಇಲ್ಲದೆ ಮುಂದೆ ಹೋಗುತ್ತಲೇ ಇರುತ್ತದೆ, ನಮ್ಮದು ಒಂದು ಸಲವೂ ಹೋಗಿಲ್ಲ.

ಹಾಜರಿ ಹಾಕುವವಳು ನನ್ನ ಹೆಂಡತಿ. ಅಡಿಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟು, ಬಾಗಿಲಿಗೆ ಬಂದು, ಹೊರಗಿನ ಚಪ್ಪಲಿ ಎಣಿಸಿ ಒಳಗೆ ಹೋಗುತ್ತಾಳೆ. ಒಬ್ಬರ ಮುಖ ನೋಡುವುದಿಲ್ಲ. "ಇವತ್ತ ಎರಡು ಜೋಡು ಕಡಿಮಿ ಅದಾವು ನೋಡ್ರಿ" ಅಂದರೆ ಎರಡು ಕಪ್ಪು ಕಡಿಮೆ, ಮತ್ತು ಕೂಟ ಮುಗಿದ ಮೇಲೆ ಎರಡು ಫೋನು. ಯಾವ ಜೋಡು ಯಾರದೆಂದು ಅವಳಿಗೆ ಬಾಯಿಪಾಠ. ಹಿಮ್ಮಡಿ ಒಂದೇ ಕಡೆ ಸವೆದದ್ದು ಕೋಟ್ಟಯಂನ ಚೇಚಿಯದು, ಮಂಡಿನೋವು. ಬಿಳಿ ಸ್ಪೋರ್ಟ್ಸ್ ಶೂ, ಅದರೊಳಗೆ ಮಡಿಸಿಟ್ಟ ಸಾಕ್ಸು, ನಾಗಾಲ್ಯಾಂಡಿನಿಂದ ಓದಲು ಬಂದ ಹುಡುಗನದು. ತಿರುನೆಲ್ವೇಲಿಯ ಬ್ಯಾಂಕ್ ಸಾಹೇಬರದು ಸದಾ ಪಾಲೀಶು. ನೀಲಿ ಬಾರಿನ ಹವಾಯಿ ಚಪ್ಪಲಿ, ಹೊಳೆಯ ಆಚೆಯಿಂದ ಎರಡು ಬಸ್ಸು ಬದಲಿಸಿ ಬರುವ ಗುಜರಾತಿ ಕಾಕಾ ಅವರದು. ಗಿರಣಿಯಲ್ಲಿ ದುಡಿದವರು, ಗಿರಣಿ ಮುಚ್ಚಿದ ಮೇಲೆ ದರ್ಜಿ ಕೆಲಸ ಮಾಡಿದವರು, ಈಗ ಎಂಬತ್ತರ ಹತ್ತಿರ.

ನಮ್ಮ ಸಭೆಗಳಲ್ಲಿ ಒಬ್ಬರನ್ನೊಬ್ಬರು ಸಹೋದರ, ಸಹೋದರಿ ಅನ್ನುವುದು ಪದ್ಧತಿ. ಹುಬ್ಬಳ್ಳಿಯಲ್ಲಿ ಅದು ಮೈಕಿನ ಮುಂದಿನ ಮಾತು, ಕೆಳಗಿಳಿದರೆ "ಏನ್ರೀ ಮಾಸ್ತರ". ಗುಜರಾತಿನಲ್ಲಿ ಆ ಕಷ್ಟವೇ ಇಲ್ಲ. ತರಕಾರಿ ಗಾಡಿಯವನೂ ಭಾಯಿ, ಕಮೀಷನರೂ ಭಾಯಿ, ಹೆಂಗಸರೆಲ್ಲ ಬೆನ್. ಊರೇ ಸಭೆಯ ಭಾಷೆ ಆಡುತ್ತದೆ. ಇನ್ನು ಇಲ್ಲಿನ ಕ್ರೈಸ್ತರಲ್ಲಿ ಕೆಲವರ ಅಡ್ಡಹೆಸರೇ ಕ್ರಿಶ್ಚಿಯನ್. ಒಮ್ಮೆ ಕಾಕಾ ಅವರ ಜೊತೆ ಒಂದು ಅರ್ಜಿ ತುಂಬಲು ಹೋಗಿದ್ದೆ. ಕೌಂಟರಿನ ಹುಡುಗ "ಅಡ್ಡಹೆಸರು?" ಅಂದ. "ಕ್ರಿಶ್ಚಿಯನ್." "ಅದು ಧರ್ಮ, ಅಡ್ಡಹೆಸರು ಹೇಳಿ." "ಎರಡೂ ಅದೇ, ಭಾಯಿ." ಹುಡುಗ ಎರಡು ಸಲ ಬರೆದು, ತಪ್ಪಾಯಿತೆಂದು ಒಂದನ್ನು ಹೊಡೆದು ಹಾಕಿದ. ಯಾವುದನ್ನು ಹೊಡೆದ ಎಂದು ನಾನೂ ನೋಡಲಿಲ್ಲ.

ಐದು ಮನೆಯವರು ಐದು ಸಂಪ್ರದಾಯದವರು. ಗುಜರಾತಿ ಕಾಕಾ ಅವರ ಕಡೆಯವರಿಗೆ ಸುವಾರ್ತೆ ತಂದವರು 1841ರಲ್ಲಿ ಕಾಠಿಯಾವಾಡಕ್ಕೆ ಬಂದ ಐರ್ಲೆಂಡಿನ ಪ್ರೆಸ್ಬಿಟೇರಿಯನ್ನರು. ನಮಗೆ ತಂದವರು 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಮಿಶನ್ನಿನವರು. ಚೇಚಿ ಮಾತ್ರ "ನಮಗೆ ಸಂತ ತೋಮನೇ ಬಂದಿದ್ದ, ಕ್ರಿಸ್ತಶಕ 52ರಲ್ಲಿ" ಎಂದು ಮನೆತನದ ನಂಬಿಕೆ ಹೇಳಿ ಎಲ್ಲರನ್ನೂ ನಿನ್ನೆ ಮೊನ್ನೆಯವರನ್ನಾಗಿ ಮಾಡಿಬಿಡುತ್ತಾರೆ. ನಾಗಾ ಹುಡುಗ ಬ್ಯಾಪ್ಟಿಸ್ಟ್. ದೀಕ್ಷಾಸ್ನಾನಕ್ಕೆ ತಲೆಯ ಮೇಲೆ ನೀರು ಹಾಕಿದರೆ ಸಾಕೋ ಪೂರ್ತಿ ಮುಳುಗಬೇಕೋ ಎಂಬ ವಾದ ಒಂದು ಸಂಜೆ ಎದ್ದಿತು. ಮೇ ತಿಂಗಳು, ಹೊರಗೆ ನಲವತ್ತಮೂರು ಡಿಗ್ರಿ. "ಈಗ ಮುಳುಗೋದೇ ಬರೋಬರಿ" ಎಂದು ನನ್ನ ಹೆಂಡತಿ ತೀರ್ಪು ಕೊಟ್ಟು ಮಜ್ಜಿಗೆ ತಂದಿಟ್ಟಳು. ನೂರಾರು ವರ್ಷ ಯುರೋಪಿನವರು ಬಡಿದಾಡಿದ ವಿಷಯ ಹೀಗೆ ಒಂದು ಲೋಟದಲ್ಲಿ ತಣ್ಣಗಾಯಿತು.

ಹಾಡಿನದು ಇನ್ನೊಂದು ಕತೆ. ರಾಗ ಒಂದೇ, ಪುಸ್ತಕ ಐದು, ನಂಬರೂ ಐದು. "ನೂರಾ ಇಪ್ಪತ್ತು" ಎಂದು ಒಬ್ಬರು ಹೇಳಿದರೆ ಉಳಿದ ನಾಲ್ವರು ಬೇರೆ ಬೇರೆ ಹಾಡು ತೆಗೆದು ಕೂತಿರುತ್ತಾರೆ. ಕೊನೆಗೆ ಯಾರೋ ರಾಗ ಗುನುಗುತ್ತಾರೆ, ಎಲ್ಲರೂ ತಮ್ಮ ತಮ್ಮ ಭಾಷೆಯಲ್ಲಿ ಹಿಡಿದುಕೊಳ್ಳುತ್ತಾರೆ. ಒಂದು ಸಂಜೆ ಕರೆಂಟು ಹೋಗಿತ್ತು. ಮೇಣದ ಬತ್ತಿಯ ಬೆಳಕಿನಲ್ಲಿ ಕಾಕಾ 'ಪ್ರೇಮಳ ಜ್ಯೋತಿ' ಶುರುಮಾಡಿದರು. ಗಾಂಧೀಜಿಗೆ ಪ್ರಿಯವಾದ ಹಾಡು, ನರಸಿಂಹರಾವ್ ದಿವೇಟಿಯಾ ಗುಜರಾತಿಗೆ ತಂದದ್ದು. ಎರಡು ಸಾಲು ಕೇಳುವಷ್ಟರಲ್ಲಿ ನನ್ನವಳು ಮೊಣಕೈಯಿಂದ ತಿವಿದಳು: "ಇದು ನಮ್ಮ 'ಕರುಣಾಳು ಬಾ ಬೆಳಕೆ' ಅಲ್ಲೇನ್ರೀ?" ಹೌದು. 1833ರಲ್ಲಿ ಇಟಲಿಯಿಂದ ಮರಳುವಾಗ, ಗಾಳಿ ನಿಂತು ಹಡಗು ಕದಲದೆ ನಿಂತಿದ್ದಾಗ ನ್ಯೂಮನ್ ಬರೆದ ಒಂದೇ ಇಂಗ್ಲಿಷ್ ಹಾಡಿಗೆ ಹುಟ್ಟಿದ ಎರಡು ಕೂಸುಗಳು ಇವು. ನಮ್ಮದನ್ನು ಬಿ.ಎಂ.ಶ್ರೀ. 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿ ಕೊಟ್ಟರು. ಅದು ಎಷ್ಟು ನಮ್ಮದಾಯಿತೆಂದರೆ ಅದನ್ನು ಭಾವಗೀತೆ ಎಂದು ಹಾಡುವವರಲ್ಲಿ ಎಷ್ಟೋ ಜನರಿಗೆ ಇದೊಂದು ಕ್ರೈಸ್ತ ಕೀರ್ತನೆ ಎಂಬುದೇ ತಿಳಿಯದು. ರಾಗ ಕೂಡಲಿಲ್ಲ. ಅವರದು ಭಜನೆಯ ಧಾಟಿ, ನಮ್ಮದು ರೇಡಿಯೋದಲ್ಲಿ ಕೇಳಿದ್ದು. ಆದರೂ ಕಾಕಾ ಒಂದು ಚರಣ, ನಾವು ಒಂದು ಚರಣ ಹಾಡಿದೆವು. ಕರೆಂಟು ಬಂದಾಗ ಯಾರಿಗೂ ಅಷ್ಟು ಖುಷಿಯಾಗಲಿಲ್ಲ.

ಎದುರು ಮನೆಯ ಮಾಸಿ ನಮ್ಮ ಸಭೆಯ ಸದಸ್ಯೆ ಅಲ್ಲ, ಆದರೆ ಕಾಯಂ ಶ್ರೋತೃ. "ಆಜೆ ಭಜನ್ ಛೇ?" ಎಂದು ಕೇಳಿ ತಮ್ಮ ಬಾಗಿಲನ್ನು ಅರ್ಧ ತೆರೆದಿಡುತ್ತಾರೆ. ಮೊದಮೊದಲು ನಾವು ಕಿಟಕಿ ಮುಚ್ಚಿ ಹಾಡುತ್ತಿದ್ದೆವು, ಕಾಲ ಹೇಗಿದೆಯೋ ಎಂಬ ಅಳುಕು. ಮಾಸಿಯೇ ಒಂದು ದಿನ ಥೇಪ್ಲಾದ ಡಬ್ಬಿ ಹಿಡಿದು ಬಂದು, "ಕಿಟಕಿ ಮುಚ್ಚಿದರೆ ನನಗೆ ಕೇಳಿಸೋದಿಲ್ಲ" ಎಂದು ದೂರಿದರು. ಅಂದಿನಿಂದ ಕಿಟಕಿ ತೆರೆದಿದೆ.

ಆದರೆ ಬಾಗಿಲ ಒಳಗೆ ಎಲ್ಲವೂ ಸ್ವರ್ಗ ಅಂದುಕೊಳ್ಳಬೇಡಿ. ಪ್ರಾರ್ಥನೆಗೆ ಮೊದಲು 'ಪ್ರಾರ್ಥನಾ ವಿಷಯ' ಕೇಳುವ ರೂಢಿಯುಂಟು. ಅದು ಲೈಸೆನ್ಸು ಪಡೆದ ಕಟ್ಟೆಪುರಾಣ. "ಇಂಥವರ ಮಗನಿಗಾಗಿ ಪ್ರಾರ್ಥಿಸೋಣ" ಅಂದರೆ "ಯಾಕೆ, ಏನಾಯಿತು?" ಅನ್ನಲೇಬೇಕು, ಏನಾಯಿತೆಂದು ಅವರು ಹೇಳಲೇಬೇಕು. ಇಪ್ಪತ್ತು ನಿಮಿಷದ ಮೇಲೆ ಕಣ್ಣು ಮುಚ್ಚುವ ಹೊತ್ತಿಗೆ ದೇವರಿಗೆ ತಿಳಿಸಲು ಹೊಸದೇನೂ ಉಳಿದಿರುವುದಿಲ್ಲ.

ಜಗಳವೂ ಆಗುತ್ತದೆ. ನಮ್ಮ ಕಟ್ಟಡ ಅಪ್ಪಟ ಸಸ್ಯಾಹಾರಿಗಳದು. ಒಂದು ಶನಿವಾರ ಚೇಚಿ ಕುಡಂಪುಳಿ ಹಾಕಿದ ಮೀನಿನ ಸಾರು ತಂದರು. ಡಬ್ಬಿ ಭದ್ರವಾಗಿತ್ತು, ವಾಸನೆ ಭದ್ರವಾಗಿರಲಿಲ್ಲ. ಲಿಫ್ಟಿನಲ್ಲಿ ಅವರಿಗಿಂತ ಮೊದಲೇ ಮೇಲೆ ಬಂತು. ಆಣಂದದ ಕಡೆಯ ನಮ್ಮ ಬೆನ್ "ಮನೆಯವರಿಗೆ ತೊಂದರೆ ತರ್ತೀರಲ್ಲ" ಅಂದರು. ಚೇಚಿ "ಶಿಷ್ಯರೇ ಮೀನು ಹಿಡಿಯೋರಾಗಿದ್ದರು" ಅಂದರು. ಮಾತಿಗೆ ಮಾತು ಬೆಳೆದು ಎರಡು ತಿಂಗಳು ಇಬ್ಬರಿಗೂ ಮಾತಿಲ್ಲ. ದೊಡ್ಡ ಸಭೆಯಾಗಿದ್ದರೆ ಒಬ್ಬರು ಬೆಳಗಿನ ಆರಾಧನೆಗೆ, ಇನ್ನೊಬ್ಬರು ಸಂಜೆಯದಕ್ಕೆ ಹೋಗಿ ಜೀವಮಾನವಿಡೀ ಸಿಟ್ಟನ್ನು ಚೆನ್ನಾಗಿ ಸಾಕಿಕೊಳ್ಳಬಹುದಿತ್ತು. ಹದಿನಾಲ್ಕು ಅಡಿ ಹಾಲಿನಲ್ಲಿ ಆ ಅನುಕೂಲವಿಲ್ಲ. ಮಂಡಿಗೆ ಮಂಡಿ ತಾಗುತ್ತದೆ, ಒಂದೇ ತಟ್ಟೆಯ ಬಿಸ್ಕೀಟು ತೆಗೆದುಕೊಳ್ಳಬೇಕು.

ಬಿಡಿಸಿದ್ದು ಸುಗ್ಗಿ ಹಬ್ಬ. ಊರಲ್ಲಿ ಈ ಹಬ್ಬಕ್ಕೆ ಜೋಳದ ತೆನೆ, ಕೋಳಿ, ಕುಂಬಳಕಾಯಿ ಎಲ್ಲ ದೇವಾಲಯಕ್ಕೆ ಬಂದು, ಆರಾಧನೆ ಮುಗಿದ ಮೇಲೆ ಹರಾಜು. ಸ್ಯಾಟಲೈಟಿನಲ್ಲಿ ಹೊಲ ಎಲ್ಲಿದೆ? ಕುಂಡದ ಮೆಣಸಿನಕಾಯಿ, ಒಂದು ಸಿವುಡು ಕರಿಬೇವು, ಯಾರದೋ ಬಾಲ್ಕನಿಯ ಬಳ್ಳಿಯಲ್ಲಿ ಬಿಟ್ಟ ಒಂದೇ ಒಂದು ಸೋರೆಕಾಯಿ. ಬ್ಯಾಂಕ್ ಸಾಹೇಬರು ಹರಾಜು ಕೂಗಿದರು. ಸೋರೆಕಾಯಿಗೆ ಬೆನ್ ಐವತ್ತು ಅಂದರು, ಚೇಚಿ ನೂರು ಅಂದರು. ಉಳಿದವರು ಕೈ ಕಟ್ಟಿ ಕೂತೆವು. ಇನ್ನೂರು, ನಾನೂರು, ಏಳುನೂರು. ಒಂದನೇ ಸಲ, ಎರಡನೇ ಸಲ, ಒಂಬೈನೂರಕ್ಕೆ ಬೆನ್ ಗೆದ್ದರು. ಗೆದ್ದ ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಕೂತವರ ಕಡೆ ನೋಡದೆಯೇ ಚೇಚಿ ಅಂದರು: "ಬೀಜ ಎಸೀಬೇಡಿ, ನನಗೂ ನಾಲ್ಕು ಬೇಕು." ಎರಡು ತಿಂಗಳಲ್ಲಿ ಆಡಿದ ಮೊದಲ ಮಾತು ಅದು. ಕ್ಷಮೆ ಯಾರೂ ಕೇಳಲಿಲ್ಲ. ಬೀಜ ಮಾತ್ರ ಮುಂದಿನ ಶನಿವಾರ ಕಾಗದದ ಪೊಟ್ಟಣದಲ್ಲಿ ಬಂತು.

ಇಂಥ ಹತ್ತಿರದ ಬದುಕನ್ನು ಬೇಕೆಂದೇ ಅಪ್ಪಿಕೊಂಡವರೊಬ್ಬರು ಈ ಊರಲ್ಲಿದ್ದರು, ಫಾದರ್ ಕಾರ್ಲೋಸ್ ವಾಲೆಸ್. ಸ್ಪೇನಿನವರು, ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಗುಜರಾತಿ ಕಲಿತು, ಗುಜರಾತಿಯಲ್ಲೇ ಬರೆದು, 1978ರಲ್ಲಿ ಆ ಭಾಷೆಯ ರಣಜಿತರಾಮ್ ಸುವರ್ಣ ಚಂದ್ರಕ ಪಡೆದವರು. ಅವರು ಮಠದ ಕೋಣೆ ಬಿಟ್ಟು, ಹಳೇ ಅಹಮದಾಬಾದಿನ ಪೋಳು ಎಂಬ ಓಣಿಗಳಲ್ಲಿ ಮನೆಮನೆಯ ಬಾಗಿಲು ತಟ್ಟಿ, "ಕೆಲವು ದಿನ ನಿಮ್ಮ ಜೊತೆ ಇರಲೇ?" ಎಂದು ಕೇಳಿ ಇದ್ದರು. ಅವರಿಟ್ಟದ್ದನ್ನೇ ಉಂಡು, ಅಲ್ಲಿಂದಲೇ ಸೈಕಲ್ಲು ಹತ್ತಿ ಪಾಠ ಮಾಡಲು ಹೋಗುತ್ತಿದ್ದರು. ಒಂದು ವಾರ ಎರಡು ವಾರವಲ್ಲ, ಹೀಗೆ ಹತ್ತು ವರ್ಷ. ಸಭೆ ಬಾಗಿಲು ತೆರೆದು ಜನರನ್ನು ಕರೆಯುವುದು ನಮಗೆ ಗೊತ್ತು. ಅವರು ಉಲ್ಟಾ ಮಾಡಿದರು, ತಮ್ಮ ಚಪ್ಪಲಿಯನ್ನು ಊರವರ ಬಾಗಿಲಲ್ಲಿ ಬಿಟ್ಟರು.

ಸಣ್ಣ ಸಭೆಯೆಂದರೆ ಲೆಕ್ಕಕ್ಕಿಲ್ಲದ್ದು ಅನ್ನುವವರಿಗೆ ನಾನು ತುಂಬಾ ಎಂಬ ಊರಿನ ಮಾತು ಹೇಳುತ್ತೇನೆ. ಈ ಅಹಮದಾಬಾದಿನವರೇ ಆದ ವಿಕ್ರಮ್ ಸಾರಾಭಾಯಿ ರಾಕೆಟ್ ಹಾರಿಸಲು ಜಾಗ ಹುಡುಕುತ್ತ ಕೇರಳದ ಕಡಲತಡಿಗೆ ಹೋದರು. ಬೇಕಾದ ಜಾಗದಲ್ಲಿ ಬೆಸ್ತರ ಸಂತ ಮರಿಯ ಮಗ್ದಲೇನಾ ದೇವಾಲಯ. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಭಾನುವಾರ ಜನರ ಮುಂದೆಯೇ ವಿಷಯ ಇಟ್ಟರು: ದೇವರ ಮನೆಯನ್ನು ವಿಜ್ಞಾನಕ್ಕೆ ಕೊಡಬಹುದೇ? ಬೆಸ್ತರು "ಆಮೆನ್" ಅಂದರು. ಆ ದೇವಾಲಯವೇ ಮೊದಲ ಆಫೀಸಾಯಿತು, 1963ರ ನವೆಂಬರ್ 21ರಂದು ಆ ತೀರದಿಂದ ಮೊದಲ ರಾಕೆಟ್ ಹಾರಿತು. ನನ್ನ ಬಡಾವಣೆಗೆ ಈ ಹೆಸರು ಬರುವಲ್ಲಿ ಆ ಬೆಸ್ತರ ಒಂದು ಆಮೆನ್ನಿನ ಪಾಲೂ ಇದೆ ಎಂದು ನಾನು ಲೆಕ್ಕ ಹಾಕುತ್ತೇನೆ. ಹುಬ್ಬಳ್ಳಿಯ ಕಾಕಾಗೆ ಇದನ್ನು ಹೇಳಿದೆ. "ಅಂದ್ರ ನೀ ಖರೇನ ಮ್ಯಾಲೇ ಅದಿ" ಅಂದರು.

ಕಡೆಗೆ ನೀಲಿ ಬಾರಿನ ಹವಾಯಿ ಚಪ್ಪಲಿಯ ಸುದ್ದಿ. ಹೋದ ಮಳೆಗಾಲದಲ್ಲಿ ಒಂದು ಶನಿವಾರ ಅದು ಕಾಣಲಿಲ್ಲ. ಹೆಂಡತಿ ಎಣಿಸಿ ಬಂದು ಒಂದೇ ಮಾತು: "ಕಾಕಾ ಬಂದಿಲ್ಲ." ಫೋನು ಮೂರು ಸಲ ಹೊಡೆದುಕೊಂಡಿತು, ಎತ್ತಲಿಲ್ಲ. ಆ ದಿನ ಪ್ರಾರ್ಥನೆ ಬೇಗ ಮುಗಿಯಿತು. ನಾಗಾ ಹುಡುಗನೂ ನಾನೂ ಸ್ಕೂಟರಿನಲ್ಲಿ ಸಾಬರಮತಿ ದಾಟಿ, ನೀರು ನಿಂತ ಓಣಿ ತಡವುತ್ತ ಹೋದೆವು. ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ, ಮನಸ್ಸಿನಲ್ಲಿ ಏನಿತ್ತೆಂದು ಇಬ್ಬರಿಗೂ ಗೊತ್ತಿತ್ತು. ಹೋಗಿ ನೋಡಿದರೆ ಕಾಕಾ ಮಂಚದ ಮೇಲೆ ಕೂತು, ಮಡಿಲಲ್ಲಿ ಚಪ್ಪಲಿ ಇಟ್ಟುಕೊಂಡು ಬಾರಿಗೆ ಸೂಜಿ ದಾರ ಹಾಕುತ್ತಿದ್ದಾರೆ. ಬಸ್ ಸ್ಟಾಪಿನಲ್ಲಿ ಕಿತ್ತುಹೋಯಿತಂತೆ. ಬರಿಗಾಲಲ್ಲಿ ನಿಮ್ಮ ಮನೆಗೆ ಹೇಗೆ ಬರಲಿ, ನಾಚಿಕೆಯಾಯಿತು ಅಂದರು. ಫೋನು ಕೊಡೆಯ ಚೀಲದಲ್ಲಿತ್ತು.

ಹುಡುಗ ತನ್ನ ಒದ್ದೆ ಶೂ ಬಿಚ್ಚಿ ಬಾಗಿಲ ಹೊರಗಿಟ್ಟು, ಅವರ ಕೈಯಿಂದ ಸೂಜಿ ಇಸಿದುಕೊಂಡ. ನಾನು ಚಹಾಕ್ಕೆ ನೀರಿಟ್ಟೆ. ಮೂರು ಕಪ್ಪು.

ದೊಡ್ಡ ದೇವಾಲಯಗಳ ಗೋಪುರ, ಆರ್ಗನ್ನು, ಕಾಯರ್ ಎಲ್ಲ ಇರಲಿ, ನನಗೂ ಇಷ್ಟವೇ. ಆದರೆ ನೀವು ಬರಲಿಲ್ಲವೆಂದು ಆ ರಾತ್ರಿಯೇ ಯಾರಿಗಾದರೂ ಗೊತ್ತಾಗುತ್ತದೆಯೇ? ಗೊತ್ತಾದರೆ ಅದು ಸಭೆ, ಇಲ್ಲದಿದ್ದರೆ ಬರೀ ಜನ. ಸ್ಯಾಟಲೈಟ್ ಕಡೆ ಬಂದರೆ ಶನಿವಾರ ಏಳಕ್ಕೆ ನಮ್ಮಲ್ಲಿಗೆ ಬನ್ನಿ, ಯಾವ ದೇವರ ಒಕ್ಕಲಾದರೂ ಸರಿ. ಚಪ್ಪಲಿ ಮಾತ್ರ ಹೊರಗೇ ಬಿಡಿ, ಎಣಿಸುವವಳಿಗೆ ಬೇಕು.