ಕಾಲು ಕಳೆದುಕೊಂಡವರ ಗಾಲ್ಫ್ ಬಳಗ

ಎರಡನೆಯ ಮಹಾಯುದ್ಧದಲ್ಲಿ ಕಾಲು ಕಳೆದುಕೊಂಡ ಅಮೆರಿಕದ ಸೈನಿಕ ಡೇಲ್ ಬೋರಿಸೋ ಗಾಲ್ಫ್ ಆಟವನ್ನು ಬಿಡಲಿಲ್ಲ. ತಮ್ಮಂಥವರೇ ಕೆಲವರನ್ನು ಜೊತೆಗೂಡಿಸಿಕೊಂಡರು. ಆ ಗೆಳೆಯರ ಗುಂಪೇ 1954ರಲ್ಲಿ ನ್ಯಾಷನಲ್ ಆಂಪ್ಯುಟಿ ಗಾಲ್ಫ್ ಅಸೋಸಿಯೇಷನ್ ಎಂಬ ಲಾಭದ ಆಸೆಯಿಲ್ಲದ ಸಂಘವಾಗಿ ನೋಂದಣಿಯಾಯಿತು.

ಗಾಲ್ಫೇ ಏಕೆ? ಇಲ್ಲಿ ಚೆಂಡು ನಿಂತಲ್ಲೇ ನಿಂತಿರುತ್ತದೆ. ಅದರ ಹಿಂದೆ ಓಡಬೇಕಿಲ್ಲ. ಆಟಗಾರನ ಸಾಮರ್ಥ್ಯ ನೋಡಿ ಕೆಲವು ಹೊಡೆತಗಳ ರಿಯಾಯಿತಿ ಕೊಡುವ ಪದ್ಧತಿಯೂ ಉಂಟು. ಅದರ ಹೆಸರೇ ‘ಹ್ಯಾಂಡಿಕ್ಯಾಪ್’! ಹೀಗಾಗಿ ಪಳಗಿದವರೂ ಹೊಸಬರೂ ಸರಿಸಮನಾಗಿ ಆಡಬಹುದು.

ಪಂದ್ಯ ಏರ್ಪಡಿಸಿದರೆ ಸಂಘದ ಕೆಲಸ ಮುಗಿಯದು. ಕೃತಕ ಕಾಲಿನ ಮೇಲೆ ಮೈಭಾರ ಹೊರಳಿಸುವುದನ್ನು, ಒಂಟಿ ಕೈಯಲ್ಲಿ ಕೋಲು ಬೀಸುವುದನ್ನು ಹೇಳಿಕೊಡುವವರು ಬೇಕು. ಅದಕ್ಕೆಂದೇ ಸಂಘವು ‘ಫಸ್ಟ್ ಸ್ವಿಂಗ್’ ಶಿಬಿರಗಳನ್ನು ನಡೆಸಿ ಗಾಲ್ಫ್ ಶಿಕ್ಷಕರಿಗೂ ಚಿಕಿತ್ಸಕರಿಗೂ ತರಬೇತಿ ಕೊಟ್ಟಿತು.

ಅಮೆರಿಕದ ಗಾಲ್ಫ್ ಆಡಳಿತ ಸಂಸ್ಥೆ ಅಂಗವಿಕಲರಿಗಾಗಿ ಮೊದಲ ಯು.ಎಸ್. ಅಡಾಪ್ಟಿವ್ ಓಪನ್ ನಡೆಸಿದ್ದು 2022ರಲ್ಲಿ, ಪೈನ್‌ಹರ್ಸ್ಟ್‌ನಲ್ಲಿ. 96 ಮಂದಿ ಕಣಕ್ಕಿಳಿದರು. 1954ರಿಂದ ಎಣಿಸಿದರೆ 68 ವರ್ಷಗಳ ಕಾಯುವಿಕೆ.

ಆಟದ ಪೀರಿಯಡ್ಡಿನಲ್ಲಿ ಮರದ ಕೆಳಗೆ ಕುಳಿತೇ ಇರುವ ಸಹಪಾಠಿ ನಿಮ್ಮ ಶಾಲೆಯಲ್ಲೂ ಇರಬಹುದು. ಅವನ ಕೈಗೆ ಸ್ಕೋರ್ ಬರೆಯುವ ಪುಸ್ತಕ ಕೊಟ್ಟು ಸುಮ್ಮನಾಗುವ ಮೊದಲು, ‘ನೀನು ಯಾವ ಆಟ ಆಡುತ್ತೀಯಾ?’ ಎಂದು ಕೇಳಿ ನೋಡಿ.