ಕೋನಾ ಊರಿನ ನಡುರಾತ್ರಿ ಓಟಗಾರರು

ಕಣ್ಣು ಹಾಯಿಸಿದಷ್ಟೂ ಕಪ್ಪು ಕಲ್ಲು. ಜ್ವಾಲಾಮುಖಿ ಉಗುಳಿದ ಲಾವಾ ತಣಿದು ಹೆಪ್ಪುಗಟ್ಟಿದ ಈ ಬಯಲಿನಲ್ಲಿ ಯಾರೋ ಬಿಳಿಯ ಹವಳದ ತುಂಡುಗಳನ್ನು ಸಾಲಾಗಿ ಜೋಡಿಸಿ ಹೆಸರುಗಳನ್ನು ಬರೆದಿದ್ದಾರೆ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಂತೆ! ಹವಾಯಿಯ ಅತಿ ದೊಡ್ಡ ದ್ವೀಪದ ಪಶ್ಚಿಮ ತೀರದ ಕೈಲುವಾ-ಕೋನಾಕ್ಕೆ ಬರುವ ಪ್ರವಾಸಿಗನಿಗೆ ಮೊದಲು ಕಾಣುವ ನೋಟವಿದು. ಇಳಿಜಾರಿನಲ್ಲಿ ಕಾಫಿ ತೋಟ, ಕೆಳಗೆ ನೀಲಿ ಕಡಲು, ನಡುವೆ ಬಿಸಿಲಿಗೆ ಕಾದ ಹೆದ್ದಾರಿ.

ವರ್ಷದ ಬಹುಪಾಲು ದಿನ ಈ ಪುಟ್ಟ ಊರು ನಿರಾಳ. ಅಕ್ಟೋಬರ್ ಬಂತೆಂದರೆ ಇಲ್ಲಿಯ ದಾರಿಗಳಿಗೆ ನಿದ್ದೆಯಿಲ್ಲ. ಅದು ಐರನ್‌ಮ್ಯಾನ್ ಟ್ರಯಥ್ಲಾನ್ ಸ್ಪರ್ಧೆಯ ಕಾಲ. ಕಡಲಿನಲ್ಲಿ ಸುಮಾರು 3.9 ಕಿ.ಮೀ. ಈಜು, ಲಾವಾ ಬಯಲಿನಲ್ಲಿ 180 ಕಿ.ಮೀ. ಸೈಕಲ್ ಸವಾರಿ, ಆಮೇಲೆ 42.2 ಕಿ.ಮೀ. ಓಟ. ಎಲ್ಲವೂ ಒಂದೇ ದಿನ, 17 ಗಂಟೆಯೊಳಗೆ!

ಮುಂಚೂಣಿಯ ವೃತ್ತಿಪರರು ಎಂಟು ಗಂಟೆ ಆಸುಪಾಸಿನಲ್ಲಿ ಮುಗಿಸುತ್ತಾರೆ. ಬಹುಮಾನದ ಹಣ ಅವರಿಗೆ. ಉಳಿದವರಲ್ಲಿ ಹೆಚ್ಚಿನವರು ಹವ್ಯಾಸಿಗಳು. ರಜೆ ಹಾಕಿ, ಕೈಯಿಂದಲೇ ಖರ್ಚು ಮಾಡಿ ಬಂದ ಶಿಕ್ಷಕರು, ವೈದ್ಯರು, ಎಂಜಿನಿಯರುಗಳು.

ವಾದದಿಂದ ಹುಟ್ಟಿದ ಸ್ಪರ್ಧೆ

ಈ ಸ್ಪರ್ಧೆಯನ್ನು ಹುಟ್ಟುಹಾಕಿದವರೂ ನೌಕರಿಯವರೇ. ಅಮೆರಿಕದ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಪತ್ನಿ ಜೂಡಿ ಆಗ ಒವಾಹು ದ್ವೀಪದಲ್ಲಿದ್ದರು. ಈಜುಗಾರ, ಸೈಕಲ್ ಸವಾರ, ಓಟಗಾರ ಇವರಲ್ಲಿ ಗಟ್ಟಿಗ ಯಾರು ಎಂಬ ವಾದಕ್ಕೆ ಅಲ್ಲಿಯ ಮೂರು ಸ್ಪರ್ಧೆಗಳನ್ನು ಒಂದೇ ದಿನಕ್ಕೆ ಪೋಣಿಸಿದರು. 1978ರ ಫೆಬ್ರುವರಿ 18ರಂದು ಹೊರಟವರು 15 ಮಂದಿ, ಮುಗಿಸಿದವರು 12. ಗೆದ್ದ ಗಾರ್ಡನ್ ಹಾಲರ್‌ಗೆ ಹಿಡಿದದ್ದು 11 ಗಂಟೆ 46 ನಿಮಿಷ 58 ಸೆಕೆಂಡು. 1981ರಲ್ಲಿ ಸ್ಪರ್ಧೆ ಕೋನಾಕ್ಕೆ ಬಂತು.

ಮರುವರ್ಷ ಇಲ್ಲಿಗೆ ಬಂದ ಜೂಲಿ ಮಾಸ್ ಕಾಲೇಜು ವಿದ್ಯಾರ್ಥಿನಿ. ದೇಹಶ್ರಮದ ಕುರಿತ ತನ್ನ ಪ್ರಬಂಧಕ್ಕೆ ಮಾಹಿತಿ ಬೇಕಿತ್ತು, ಅದಕ್ಕೆ ತನ್ನ ದೇಹವನ್ನೇ ಪ್ರಯೋಗಶಾಲೆ ಮಾಡಿಕೊಂಡಳು. ಮೊದಲ ಸ್ಥಾನದಲ್ಲಿದ್ದವಳು ಗುರಿಗೆ ಕೆಲವೇ ಹೆಜ್ಜೆ ಇರುವಾಗ ಕುಸಿದಳು. ಕ್ಯಾಥ್ಲೀನ್ ಮೆಕಾರ್ಟ್ನಿ ದಾಟಿಹೋದಳು. ಜೂಲಿ ಅಂಬೆಗಾಲಿಟ್ಟು 29 ಸೆಕೆಂಡು ತಡವಾಗಿ ಗೆರೆ ಮುಟ್ಟಿದಳು. ಟೀವಿಯಲ್ಲಿ ಅದನ್ನು ಕಂಡ ಎಷ್ಟೋ ಮಂದಿ ಟ್ರಯಥ್ಲಾನ್ ಕಡೆ ತಿರುಗಿದರು.

ಬೆಂಗಳೂರಿನ ನಂಟು

ಇದೇ ದ್ವೀಪದಲ್ಲಿ 1983ರಲ್ಲಿ ಇನ್ನೂ ಕಠಿಣವಾದ ‘ಅಲ್ಟ್ರಾಮ್ಯಾನ್’ ಹುಟ್ಟಿತು. ಮೂರು ದಿನಗಳಲ್ಲಿ ಈಜು 10, ಸೈಕಲ್ 420, ಓಟ 84 ಕಿ.ಮೀ. ಅದರ ಕೆನಡಾ ಆವೃತ್ತಿಯನ್ನು 2009ರಲ್ಲಿ ಮುಗಿಸಿದ ಅನು ವೈದ್ಯನಾಥನ್ ಆ ಸಾಧನೆ ಮಾಡಿದ ಮೊದಲ ಏಷ್ಯಾದ ಮಹಿಳೆ. ಅವರು ಬೆಂಗಳೂರಿನಲ್ಲಿ ಬೌದ್ಧಿಕ ಆಸ್ತಿಯ ಸಂಸ್ಥೆ ಕಟ್ಟಿದ ಎಂಜಿನಿಯರ್. ನ್ಯೂಜಿಲೆಂಡಿನಲ್ಲಿ ಪಿಎಚ್.ಡಿ. ಮಾಡಿದರು, ಪುಸ್ತಕ ಬರೆದರು, ಸಿನಿಮಾದತ್ತಲೂ ಹೊರಳಿದರು. ಓದು ಮತ್ತು ಆಟದಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು ಎನ್ನುವ ಮಾತಿಗೆ ಅವರ ಬದುಕೇ ಉತ್ತರ.

ಆದರೆ ಈ ಹವ್ಯಾಸ ಪುಕ್ಕಟೆ ಸಿಗುವುದಿಲ್ಲ. ಕಚೇರಿ ತೆರೆಯುವ ಮೊದಲೇ ಈಜು ಮುಗಿಯಬೇಕು. ಸಂಜೆ ಓಟ. ಭಾನುವಾರದ ಅರ್ಧ ದಿನ ಸೈಕಲ್‌ಗೆ. ಆ ಸಮಯ ಆಕಾಶದಿಂದ ಉದುರುವುದಿಲ್ಲ. ನಿದ್ದೆಯಿಂದ, ಗೆಳೆಯರಿಂದ, ಹೆಂಡತಿ ಮಕ್ಕಳಿಂದ ಪಡೆದ ಸಾಲ ಅದು. ಮನೆಯವರು ಮನಸ್ಸಿಟ್ಟು ಕೊಟ್ಟರೆ ಮಾತ್ರ ದಕ್ಕುತ್ತದೆ. ಹಾಗೆಂದೇ ಕೋನಾದ ಗುರಿಗೆರೆಯ ಬಳಿ ಓಡಿದವರಷ್ಟೇ ಅಳುತ್ತಾ ನಿಂತ ಮನೆಯವರೂ ಕಾಣುತ್ತಾರೆ.

ಗಡಿಯಾರದ ಮುಂದೆ

ಕತ್ತಲಾದ ಮೇಲೆ ಕಡಲ ದಂಡೆಯ ಅಲಿಯಿ ರಸ್ತೆಗೆ ನಿಜವಾದ ಕಳೆ. ಗೆದ್ದವರು ಎಂದೋ ವಿಶ್ರಾಂತಿಗೆ ಹೋಗಿರುತ್ತಾರೆ. ಜನ ಕಾಯುವುದು ಕೊನೆಯವರಿಗಾಗಿ. ಗಡಿಯಾರಕ್ಕೆ ಕರುಣೆಯಿಲ್ಲ. ಜಪಾನಿನ ನಿವೃತ್ತ ಪತ್ರಕರ್ತ ಹಿರೋಮು ಇನಾಡ ಟ್ರಯಥ್ಲಾನ್‌ಗೆ ಇಳಿದದ್ದೇ 70ರ ಹೊತ್ತಿಗೆ. 2015ರಲ್ಲಿ ಗುರಿಯೆದುರೇ ಬಿದ್ದೆದ್ದು ತಲುಪಿದಾಗ ಅವಧಿ ಮುಗಿದು ಕೆಲವೇ ಸೆಕೆಂಡು ಕಳೆದಿತ್ತು. ಅಷ್ಟು ದೂರ ಕ್ರಮಿಸಿದರೂ ಲೆಕ್ಕಕ್ಕಿಲ್ಲ! ಅಜ್ಜ ಬಿಡಲಿಲ್ಲ. 2018ರಲ್ಲಿ, 85ರ ಪ್ರಾಯದಲ್ಲಿ, 16 ಗಂಟೆ 53 ನಿಮಿಷ 49 ಸೆಕೆಂಡಿನಲ್ಲಿ ಮುಗಿಸಿದರು.

ಪರೀಕ್ಷೆಯ ಅಂಕ ಒಂದೆರಡು ಕಡಿಮೆಯಾದರೆ ಮನೆಯೇ ಮುಳುಗಿತೆಂದು ಕೊರಗುವ ಮಕ್ಕಳಿಗೂ, ಮಕ್ಕಳಿಗಿಂತ ಹೆಚ್ಚು ಕೊರಗುವ ಅಪ್ಪ ಅಮ್ಮಂದಿರಿಗೂ ಆ ಕೆಲವು ಸೆಕೆಂಡುಗಳ ಕತೆ ನೆನಪಿರಲಿ.

ಸ್ಪರ್ಧೆ ಮುಗಿದು ಊರು ಖಾಲಿಯಾಗುತ್ತದೆ. ಕಾಲೆಳೆಯುತ್ತಾ ವಿಮಾನ ಹತ್ತಿದವರಿಗೆ ಸೋಮವಾರವೋ ಮಂಗಳವಾರವೋ ಅದೇ ಶಾಲೆ, ಅದೇ ಆಸ್ಪತ್ರೆ, ಅದೇ ಮೇಜು. ಕಪ್ಪು ಕಲ್ಲಿನ ಮೇಲೆ ಬಿಳಿಯ ಹವಳದ ಹೆಸರುಗಳು ಮಾತ್ರ ಮುಂದಿನ ಪ್ರವಾಸಿಗನಿಗೆ ಕಾಯುತ್ತಿರುತ್ತವೆ.